ಚೀಲದೊಳಗಿನ ಬೆಳ್ಳಿ ಚಮಚ

ಚಳಿ ಹಿಂದೆಗೆಯುವ ಕಾಲ. ಟೊಮೆಟೊ ಸಸಿಗಳನ್ನು ಮಡಿಯಿಂದ ಎಬ್ಬಿಸಿ ಪುಟ್ಟ ಚೀಲಗಳಿಗೆ ಬದಲಿಸುವ ಕೆಲಸ ಮನೆ ಮುಂದಿನ ನರ್ಸರಿಯಲ್ಲಿ ಬೆಳಿಗ್ಗೆಯಿಂದಲೇ ನಡೆದಿತ್ತು. ಅವಳ ಬೆರಳು ಮಣ್ಣಿನಲ್ಲಿತ್ತು, ಕಣ್ಣು ಮಾತ್ರ ಗೇಟಿನ ಮೇಲೆ.

ಬಂದ! ಹೆಗಲಿಗೆ ಅದೇ ಬಟ್ಟೆಚೀಲ.

“ಆ ಚೀಲದಲ್ಲಿ ಏನಿದೆ?” ಮೊದಲ ದಿನವೇ ಬಾಗಿಲಿಗೆ ಅಡ್ಡ ನಿಂತು ಕೇಳಿದ್ದಳು.

“ತೂಕ ನೋಡೋ ಯಂತ್ರ, ನೋಟ್‌ಬುಕ್, ನನ್ನ ಊಟದ ಡಬ್ಬಿ. ಹಾವಂತೂ ಇಲ್ಲ.”

ಅವಳು ನಕ್ಕಿರಲಿಲ್ಲ. ಬೇರಿನ ಕಷಾಯ ಕುಡಿಸುವ ನಾಟಿ ವೈದ್ಯನೊಬ್ಬನನ್ನು ನಂಬಿ, ಆಸ್ಪತ್ರೆ ಬಿಟ್ಟು, ಚಿಕ್ಕಪ್ಪ ಕಣ್ಣೆದುರೇ ಸವೆದುಹೋದದ್ದನ್ನು ಕಂಡವಳು ಅವಳು.

ಅಮ್ಮನ ಕರುಳಿನ ಕ್ಯಾನ್ಸರ್ ಗಡ್ಡೆ ತೆಗೆದು ಮೂರು ತಿಂಗಳಾಗಿತ್ತು. ಕೀಮೊ ಅರ್ಧಕ್ಕೆ ನಿಂತಿತ್ತು. “ಎರಡು ಕೆಜಿ ಏರಲಿ, ಆಮೇಲೆ ಮುಂದಿನ ಡೋಸ್,” ಎಂದು ಆಪರೇಷನ್ ಮಾಡಿದ ಡಾಕ್ಟರೇ ಈ ಪ್ರಕೃತಿ ಚಿಕಿತ್ಸಕನನ್ನು ಮನೆಗೆ ಕಳಿಸಿದ್ದರು.

“ಮಾತ್ರೆ ನಿಲ್ಲಿಸಿ ಅಂದ್ರೆ ನಿಮ್ಮನ್ನೇ ನಿಲ್ಲಿಸ್ತೀನಿ!” ಎಂದು ಅವಳು ಗದರಿದ್ದಳು.

“ನೀವು ನಿಲ್ಲಿಸಿದ್ರೆ ನಾನೇ ಜಗಳ ಆಡ್ತೀನಿ. ಮಾತ್ರೆ ಡಾಕ್ಟರದ್ದು, ತುತ್ತು ನನ್ನದು.”

ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಊಟ, ಬಿಸಿನೀರಿನಲ್ಲಿ ಕಾಲಿಡುವುದು, ನಿಧಾನದ ಉಸಿರಾಟ... ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಆದರೆ ತೂಕ? ಮತ್ತೆ ಅರ್ಧ ಕೆಜಿ ಇಳಿದಿತ್ತು!

ಅದೂ ಅಲ್ಲದೆ, ಡಾಕ್ಟರ ಚೀಟಿಯಲ್ಲಿದ್ದದ್ದು ವಾರಕ್ಕೆ ಎರಡು ದಿನ. ಇವನು ಬರುತ್ತಿದ್ದದ್ದು ಐದು ದಿನ! ಅಮ್ಮನೊಡನೆ ಪಿಸುಮಾತು ಬೇರೆ. ಅವಳು ಒಳಗೆ ಕಾಲಿಟ್ಟರೆ ಇಬ್ಬರೂ ಗಪ್‌ಚುಪ್.

‘ಏನೋ ಮಸಲತ್ತು ನಡೀತಿದೆ...’

ಇಂದು ಕೈ ತೊಳೆಯಲು ಹಿತ್ತಲಿಗೆ ಬಂದವಳು ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದಳು. ಬೆಳ್ಳಿ ಚಮಚ ಅವನ ಚೀಲಕ್ಕೆ ಇಳಿಯುತ್ತಿತ್ತು! ತನ್ನ ಮೊದಲ ದುಡಿಮೆಯಲ್ಲಿ ಅಮ್ಮನಿಗೆಂದು ತಂದದ್ದು. ಕಾಯಿಲೆ ಬಿದ್ದ ಮೇಲೆ ಅದರಲ್ಲೇ ತುತ್ತು ಕೊಡುತ್ತಿದ್ದಳು.

“ಕಳ್ಳ!”

ಅವನು ಬೆಚ್ಚಿದ. ಏನೋ ಹೇಳಲು ಬಾಯಿ ತೆರೆದು, ಅಮ್ಮನ ಕೋಣೆಯತ್ತ ನೋಡಿ, ಮುಚ್ಚಿದ. ಚಮಚವನ್ನು ಮೇಜಿನ ಮೇಲಿಟ್ಟ.

“ನಾಳೆಯಿಂದ ಈ ಹೊಸ್ತಿಲು ತುಳೀಬೇಡಿ.”

“ಆಯ್ತು. ಗಂಜಿ ಮಾತ್ರ ಉಗುರುಬೆಚ್ಚಗೆ ಕೊಡಿ.”

ಹೋಗಿಯೇಬಿಟ್ಟ.

ಸಂಜೆ ಅವಳು ಅದೇ ಚಮಚದಲ್ಲಿ ಗಂಜಿ ಹಿಡಿದಾಗ ಅಮ್ಮ ತುಟಿ ಬಿಗಿದಳು. ಕಣ್ಣಲ್ಲಿ ನೀರು.

“ನಾನೇ ಬಚ್ಚಿಡಪ್ಪಾ ಅಂದಿದ್ದು ಪುಟ್ಟೀ... ಕೀಮೊ ಆದಾಗಿಂದ ಅದು ನಾಲಿಗೆಗೆ ತಾಗಿದ್ರೆ ತುಕ್ಕು ನೆಕ್ಕಿದ ಹಾಗಾಗುತ್ತೆ. ನೀನು ಆಸೆಯಿಂದ ತಂದದ್ದು, ಬೇಡ ಅಂತ ಹೇಗೆ ಹೇಳ್ಲಿ? ಕಳೆದುಹೋಯ್ತು ಅಂದ್ಕೊಳ್ಳಲಿ ಅಂದೆ. ‘ಮಗಳಿಗೆ ಹೇಳಿಬಿಡಿ’ ಅಂತ ವಾರದಿಂದ ಗೋಗರೀತಿದ್ದ. ಹಟ ನನ್ನದು. ಬಾಯಿ ಬಿಡಲ್ಲ ಅಂತ ಭಾಷೆ ತಗೊಂಡಿದ್ದೆ.”

ದಿಂಬಿನಡಿಯಿಂದ ಒಂದು ಮರದ ಚಮಚ ಹೊರಬಂತು. ಅಂಚು ನಯವಾಗಿತ್ತು. ಹಿಡಿ ತುಸು ಸೊಟ್ಟ.

“ಅವನೇ ಕೆತ್ತಿದ್ದು.”

ಅದರಲ್ಲಿ ಕೊಟ್ಟ ಗಂಜಿ ತುತ್ತು ತುತ್ತಾಗಿ ಇಳಿಯಿತು. ಬಟ್ಟಲು ಬರಿದಾಯಿತು!

ಮರುದಿನ ಆಸ್ಪತ್ರೆಯ ಹಿಂಬದಿಯ ಅವನ ಕೋಣೆಯ ಬಾಗಿಲಲ್ಲಿ ನಿಂತಳು. ಉಗುರಿನಲ್ಲಿನ್ನೂ ಮಣ್ಣು.

“ಕಳ್ಳ ಅಂದೆ... ತಪ್ಪಾಯ್ತು. ಬನ್ನಿ, ಅಮ್ಮ ಕಾಯ್ತಿದಾರೆ.”

“ಅಮ್ಮ ಮಾತ್ರಾನಾ?”

ಅವಳು ನೆಲ ನೋಡಿದಳು. ಆಮೇಲೆ ಥಟ್ಟನೆ, “ಇನ್ನೂ ಒಂದು ಅನುಮಾನ ಇದೆ. ಎರಡು ದಿನ ಬರಬೇಕಾದವರು ಐದು ದಿನ ಯಾಕೆ ಬರ್ತಿದ್ರಿ?”

ಅವನ ಕಿವಿ ಕೆಂಪಾಯಿತು. “ಎರಡು ದಿನ ಅಮ್ಮನಿಗೆ.”

“ಮಿಕ್ಕ ಮೂರು?”

“ನಿಮ್ಮ ಹತ್ರ ಬೈಸ್ಕೊಳ್ಳೋಕೆ... ಬೈಗುಳ ಕೇಳದ ದಿನ ಊಟ ಸೇರ್ತಿರಲಿಲ್ಲ.”

ನಗು ತಡೆಯಲಾಗಲಿಲ್ಲ ಅವಳಿಗೆ. ನಗುತ್ತಲೇ ಕಣ್ಣೊರೆಸಿಕೊಂಡಳು.

“ನಿನ್ನೆ ಮಾತ್ರ ಅಲ್ಲ, ಮೊದಲ ದಿನದಿಂದ ನಿಮ್ಮನ್ನ ನೋಯಿಸಿದೀನಿ. ಈ ಋಣ ಹೇಗೆ ತೀರಿಸ್ಲಿ?”

“ತೀರಿಸ್ಬೇಡಿ. ಬಾಕಿ ಇರಲಿ.”

“ಎಷ್ಟು ದಿನ?”

“ಅಮ್ಮ ಗುಣವಾದ ಮೇಲೂ...”

ಅವಳು ಮೊಳೆಯಲ್ಲಿ ತೂಗುತ್ತಿದ್ದ ಬಟ್ಟೆಚೀಲವನ್ನು ತೆಗೆದು ತನ್ನ ಹೆಗಲಿಗೇರಿಸಿದಳು. ಭಾರವಾಗಿತ್ತು.

“ಒಳಗೇನಿದೆ ಅಂತ ನೋಡಲ್ವಾ?”

“ಬೇಡ,” ಎಂದಳು. “ನಡೀರಿ. ಗಂಜಿ ಆರಿಹೋಗುತ್ತೆ.”