ಬಿಳಿ ಲೇಪದಡಿಯ ಬಿರುಕು

"ಹ್ವಾಯ್! ನಮ್ಮ ಎಂಜಿನ್ ಹತ್ರ ಎಂತ ಮಾಡ್ತ್ರಿ?"

ಗಂಗೊಳ್ಳಿ ಬಂದರಿನಲ್ಲಿ ಕಟ್ಟಿದ್ದ ಬೋಟಿಗೆ ಇಳಿದ ಮೆಕ್ಯಾನಿಕ್ ರತನ್ ಗದರಿದ. ನಾಣ್ಯದಿಂದ ಹೊಗೆ ಪೈಪನ್ನು ತಟ್ಟುತ್ತಿದ್ದ ಹುಡುಗಿ ತಲೆಯೆತ್ತಿದಳು. ಕೆನ್ನೆಗೆ ಮಸಿ ಮೆತ್ತಿತ್ತು, ಕಣ್ಣಲ್ಲಿ ಚೂರೂ ಹೆದರಿಕೆಯಿರಲಿಲ್ಲ.

"ಇದಕ್ಕೆ ಕೋಟಿಂಗ್ ಮಾಡ್ಸಿದ್ದೇ ನಾನ್. ಬಸ್ರೂರಿನ ಸ್ವರ್ಣಲತಾ. ನಿಮ್ಮ ಓನರ್ ಹತ್ರ ಕೇಂಡೇ ಬಂದದ್ದ್."

ಎರಡು ವರ್ಷದ ಹಿಂದೆ, 2010ರಲ್ಲಿ, ತನ್ನ ಪಿಎಚ್‌ಡಿಗಾಗಿ ಅವಳು ಆರು ಬೋಟುಗಳ ಪೈಪಿಗೆ ಬಿಸಿ ತಡೆಯುವ ಬಿಳಿ ಸೆರಾಮಿಕ್ ಲೇಪ ಹಾಕಿಸಿದ್ದಳು. ಈಗ ಅದು ಬಿರುಕು ಬಿಟ್ಟಿದೆಯೇ ಎಂದು ನೋಡಲು ಬಂದಿದ್ದಳು.

"ಬಿರ್ಕ್ ಎಲ್ಲೂ ಕಾಂತಿಲ್ಲ ಮೇಡಂ," ರತನ್ ಬಗ್ಗಿ ಪೈಪಿನ ಮೇಲೆ ಕಣ್ಣಾಡಿಸಿದ.

"ಅಡಿಯಲ್ಲಿ ಇತ್ತ್. ಬಿಸಿಯಾದ್ರೆ ಲೋಹ ಜಾಸ್ತಿ ಹಿಗ್ಗತ್ತ್, ಕೋಟಿಂಗ್ ಕಮ್ಮಿ. ತಣ್ದ ಮೇಲೆ ಮತ್ತೆ ಎಳೆದಾಟ. ನೂರಾರು ಸಲ ಹೀಂಗಾದ್ರೆ ಎರಡನ್ನೂ ಅಂಟಿಸಿದ ನಡುವಿನ ಪದರ ದಣಿದ್, ಕೂದಲಿಗಿಂತ ಸಣ್ಣ ಬಿರ್ಕ್ ಹುಟ್ಟತ್ತ್. ಅದೆಲ್ಲ ಒಂದಾದ್ರೆ ಕೋಟಿಂಗ್ ಎದ್ದೇ ಬತ್ತ್. ಕೇಣಿ!"

ಒಂದು ಕಡೆ ತಟ್ಟಿದಳು, ಟಣ್ ಎಂದಿತು. ಇನ್ನೊಂದು ಕಡೆ ಪೊಳ್ಳು ಸದ್ದು.

"ಎಷ್ಟು ಸಲ ಕಾದ್ ತಣ್ದಿತ್ ಅಂತ ಯಾವ ಬೋಟಿನವ್ರಿಗೂ ನೆನಪಿಲ್ಲ. ಆ ಲೆಕ್ಕ ಇಲ್ದೆ ನನ್ನ ಎರಡು ವರ್ಷದ ಕೆಲ್ಸ ನೀರಿಗ್ ಹೋಯ್ತ್."

ರತನ್ ಟೂಲ್ ಬಾಕ್ಸಿನಿಂದ ಎಣ್ಣೆ ಮೆತ್ತಿದ ನೋಟ್‌ಬುಕ್ ತೆಗೆದುಕೊಟ್ಟ. ಆ ಪೈಪು ಕೂರಿಸಿದಂದಿನಿಂದ ಎಂಜಿನ್ ಶುರು ಮಾಡಿದ್ದು, ನಿಲ್ಲಿಸಿದ್ದು, ಒಂದೂ ಬಿಡದೆ ದುಂಡಗಿನ ಅಕ್ಷರದಲ್ಲಿತ್ತು. ಒಂಬೈನೂರಾ ಹನ್ನೆರಡು ಸಲ.

"ಯಾರ್ ಹೇಳಿದ್ರ್ ಬರೂಕೆ?"

"ಯಾರೂ ಇಲ್ಲ. ನಡು ಕಡಲಲ್ಲಿ ಎಂಜಿನ್ ಕೈಕೊಟ್ರೆ ಬೋಟಲ್ಲಿಪ್ಪುದ್ ನಮ್ಮವ್ರೇ ಅಲ್ದಾ?"

ಅವಳು ಆಗ ಅವನನ್ನು ಸರಿಯಾಗಿ ನೋಡಿದಳು. ಅವನು ಸ್ಪ್ಯಾನರ್ ಹುಡುಕುವ ನೆಪ ಮಾಡಿದ.

ಮರುದಿನ ಬೋಟು ಹೊರಡುವುದಿತ್ತು. ಮಾಲೀಕ ಸೂರಣ್ಣ ಎಷ್ಟು ಸಿಡುಕಿದರೂ ರತನ್ ಪೈಪು ಬಿಚ್ಚಿದ. ಬಿಚ್ಚುವಾಗಲೇ ಅಂಗೈಯಗಲದ ಲೇಪ ಕಳಚಿ ಬಿತ್ತು. ಅದು ಡೀಸೆಲ್ ಟ್ಯೂಬಿನ ಎದುರಿನ ಜಾಗ. ಕಡಲಲ್ಲಿ ಅಲ್ಲಿನ ಕಾದ ಲೋಹ ಬರಿದಾಗಿದ್ದರೆ ಬೋಟಿಗೇ ಬೆಂಕಿ. ಸೂರಣ್ಣನೇ ಹೊರಡುವುದನ್ನು ಮುಂದಕ್ಕೆ ಹಾಕಿದ.

"ನನ್ನ ಕೋಟಿಂಗ್ ಸೋತ್ಹೋಯ್ತ್," ಅವಳು ಬಿದ್ದ ಚೂರನ್ನು ಹೆಕ್ಕಿದಳು.

"ಯಾವಾಗ ಸೋಲತ್ತ್ ಅಂತ ಗೊತ್ತಾಯ್ತಲೆ. ಇನ್ನೊಂದ್ ಮಾಡಿ. ನಾ ಬರ್ದಿಡ್ತೆ."

ಅವಳು ನಡುವಿನ ಪದರ ಬದಲಿಸಿ ಹೊಸ ಪೈಪು ತಂದಳು. ಪ್ರತಿ ಆದಿತ್ಯವಾರ ಬಸ್ಸಿನಲ್ಲಿ ಬಂದು ತಟ್ಟಿ ನೋಡುವಳು. ಪೈಪಿಗೆ ಹತ್ತು ನಿಮಿಷ, ಆಮೇಲಿನ ಚಹಾಕ್ಕೆ ಒಂದು ಗಂಟೆ. ಎರಡು ವರ್ಷ ದಾಟಿ, ಸಾವಿರ ಸಲ ಕಾದು ತಣಿದರೂ ಆ ಲೇಪ ಪೊಳ್ಳಾಗಲಿಲ್ಲ.

"ಥೀಸಿಸ್ ಕೊಟ್ಟಾಯ್ತ್," ಒಂದು ದಿನ ಗ್ಲಾಸು ತಿರುಗಿಸುತ್ತಾ ಹೇಳಿದಳು. "ಇನ್ನ್ ನಂಗ್ ಇಲ್ಲಿಗ್ ಬಪ್ಪ ಕೆಲ್ಸ ಇಲ್ಲ."

ರತನ್ ತನ್ನ ಗ್ಲಾಸು ಕೆಳಗಿಟ್ಟ.

"ಹಾಂಗಾರೆ ಬಪ್ಪ ಆಯ್ತವಾರ ನಾನೇ ಬಸ್ರೂರಿಗೆ ಬತ್ತೆ."

"ಎಂತಕ್ಕೆ?"

"ನಿಮ್ಮ ಅಪ್ಪಯ್ಯನ ಹತ್ರ... ನಿಮ್ಮನ್ನ ಕೇಂಬುಕೆ."

ಅವಳ ಕಿವಿಯವರೆಗೂ ಕೆಂಪೇರಿತು. "ಊಟಕ್ಕೇ ಬನ್ನಿ," ಎಂದಳು. "ಅಪ್ಪಯ್ಯನಿಗೆ ನಾನ್ ಹೋದ ವಾರವೇ ಹೇಳಿಯಾಯ್ತ್."