ಲೈಸೆನ್ಸಿನಲ್ಲಿರುವ ವಿಳಾಸ

"ಅವ್ವಾ... ಜೀಪು ಬಂತು! ನಾನಿಲ್ಲ ಅಂತ ಹೇಳು!"

ಸುಧಾಮಣಿ ಕೋಣೆಯೊಳಕ್ಕೆ ನುಗ್ಗಿ ಚಿಲಕ ಹಾಕಿಕೊಂಡಳು. ಕಿಟಕಿಯ ಸಂದಿನಿಂದ ನೋಡಿದಳು. ಭೀಮನಬೀಡಿನ ಆ ಸಣ್ಣ ಬೀದಿಯಲ್ಲಿ, ಅವರ ಮನೆಯ ಎದುರಿಗೇ ಬಿಳಿ ಜೀಪು. ಅದರ ಮೇಲೆ ಉದ್ದನೆಯ ಏರಿಯಲ್. ಇಳಿದವನ ಕೈಯಲ್ಲಿ ನೀಲಿ ಫೈಲು.

ಮುಗಿಯಿತು! ರೇಡಿಯೋ ಸೆಟ್ಟು ಎತ್ತಿಕೊಂಡು ಹೋಗುತ್ತಾರೆ. ಕೇಸು ಹಾಕುತ್ತಾರೆ...

ಅವಳು ಎರಡೂ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕುಸಿದಳು.

ಅಂಗಳದಲ್ಲಿದ್ದ ತಾಯಿ ಮಂಚಮ್ಮ ಸುಮ್ಮನೆ ಹೆದರಿ ಕೂರುವ ಹೆಂಗಸಲ್ಲ. ಬಕೆಟ್ಟಿನಲ್ಲಿದ್ದ ಒದ್ದೆ ಸೀರೆಯನ್ನು ಎತ್ತಿ, ತೆಂಗಿನ ಮರದಿಂದ ಇಳಿಜಾರಾಗಿ ಎಳೆದಿದ್ದ ಆಂಟೆನಾ ತಂತಿಯ ಮೇಲೆ ಎಸೆದೇಬಿಟ್ಟಳು.

"ಅಮ್ಮಾ, ಇಲ್ಲೊಂದು ರೇಡಿಯೋ ಸ್ಟೇಷನ್ ಇದೆ ಅಲ್ವಾ?" ಬಂದವನು ಕೇಳಿದ.

"ಯಾವ ಟೇಸನ್ನೂ ಇಲ್ಲ ಕಣಪ್ಪ. ಬಸ್ ಟೇಸನ್ ಬೇಕಾರೆ ಗುಂಡ್ಲುಪೇಟೆಗೆ ಓಗು."

"ಮತ್ತೆ ಈ ತಂತಿ?"

"ಕಣ್ ಕಾಣಕಿಲ್ವಾ? ಬಟ್ಟೆ ಒಣಾಕದು!"

ಅವನು ನೀರು ತೊಟ್ಟಿಕ್ಕುತ್ತಿದ್ದ ಸೀರೆಯನ್ನು ನೋಡಿದ. ಮುಚ್ಚಿದ ಬಾಗಿಲನ್ನು ನೋಡಿದ. ಮುಖದಲ್ಲಿದ್ದ ನಗು ಆರಿಹೋಯಿತು. ಫೈಲನ್ನು ಮಂಚಮ್ಮನ ಕೈಗಿಟ್ಟು, "ಅವರ ಕೈಗೇ ಕೊಡಿ ಅಮ್ಮ" ಎಂದು ಮೆಲ್ಲಗೆ ಹೇಳಿದ. ಆಮೇಲೆ ಬಾಗಿಲಿನ ಕಡೆ ತಿರುಗಿ ಜೋರಾಗಿ ಅಂದ:

"ಸೆವೆಂಟಿ ತ್ರೀ..."

ಮುಚ್ಚಿದ ಕಿವಿಗೂ ಅದು ಕೇಳಿಸಿತು. ಸುಧಾಮಣಿ ದಡಕ್ಕನೆ ಎದ್ದು ನಿಂತಳು. ಹ್ಯಾಮ್ ಎನ್ನುವ ಹವ್ಯಾಸಿ ರೇಡಿಯೋದವರು ಮಾತು ಮುಗಿಸುವಾಗ ಶುಭ ಕೋರುವುದು ಹೀಗೆ. ಆ 'ತ್ರೀ'ಯನ್ನು ಇಷ್ಟುದ್ದ ಎಳೆಯುವವನು ಒಬ್ಬನೇ. ಎರಡು ವರ್ಷದಿಂದ ಪ್ರತಿ ಬೆಳಿಗ್ಗೆ ಕೇಳಿದ ದನಿ!

ಗಿರೀಶ್!

ಅವಸರಕ್ಕೆ ಚಿಲಕ ಬೇಗ ತೆಗೆಯಲಾಗಲಿಲ್ಲ. ಹೊರಗೆ ಓಡಿ ಬಂದಾಗ ಜೀಪು ಚೆಂಡುಹೂವಿನ ಹೊಲ ದಾಟಿ ತಿರುವಿನಲ್ಲಿ ಮರೆಯಾಗುತ್ತಿತ್ತು.

"ಅವ್ವ, ಅವರ ಕೈಲಿ ಫೈಲಿತ್ತಲ್ಲ?"

"ಅವ್ನೇ ತಗಂಡೋದ ಕಣಮ್ಮಿ, ಬುಡು."

ಫೈಲು ಅಷ್ಟರಲ್ಲಾಗಲೇ ರಾಗಿ ಡ್ರಮ್ಮಿನ ತಳ ಸೇರಿತ್ತು. ನೋಟೀಸು ಮಗಳ ಕೈಗೆ ಸಿಗದಿದ್ದರೆ ಕೇಸೂ ಇಲ್ಲ... ಮಂಚಮ್ಮನ ಲೆಕ್ಕ ಅಷ್ಟೇ.

ಸುಧಾಮಣಿಗೆ ಈಗ ಮೂವತ್ತನಾಲ್ಕು. ಗುಂಡ್ಲುಪೇಟೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಹೈಸ್ಕೂಲಿನಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ಪರೀಕ್ಷೆ ಬರೆಸಿ, ಹವ್ಯಾಸಿ ರೇಡಿಯೋದ ಲೈಸೆನ್ಸ್ ಕೊಡಿಸಿದ್ದರು. ಪ್ರತಿಯೊಬ್ಬರಿಗೂ ಕೆಲವು ಅಕ್ಷರ, ಅಂಕಿಗಳ ಒಂದು ಕರೆ ಹೆಸರು. ಬೆಳಿಗ್ಗೆ ಏಳಕ್ಕೆ ಸುತ್ತಲಿನ ಇಪ್ಪತ್ತು ಮಂದಿ ಗಾಳಿಯಲ್ಲೇ ಸೇರುತ್ತಿದ್ದರು. ಚಾಮರಾಜನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಗಿರೀಶ್ ಹಾಜರಿ ಕೂಗುತ್ತಿದ್ದ; ಎಲ್ಲರ ವಿಳಾಸದ ಪಟ್ಟಿಯೂ ಅವನ ಬಳಿಯೇ ಇತ್ತು.

ಅಲ್ಲಿ ಒಬ್ಬರು ಆಡಿದ್ದು ಎಲ್ಲರಿಗೂ ಕೇಳಿಸುತ್ತದೆ. ಹಾಗಾಗಿ ಅವರಿಬ್ಬರು ಆಡಿದ್ದೆಲ್ಲ ಮಳೆ, ಬಿಸಿಲು, ಮೋಟಾರಿನ ಮಾತೇ. ಆದರೂ ಅವಳಿಗೆ ನೆಗಡಿಯಾದರೆ ಮೊದಲು ಗುರುತಿಸುತ್ತಿದ್ದವನು ಅವನು. ಅಷ್ಟು ಜನರ ಮುಂದೆ ಫೋನ್ ನಂಬರ್ ಕೇಳುವ ಧೈರ್ಯ ಇಬ್ಬರಿಗೂ ಬಂದಿರಲಿಲ್ಲ.

ಜೀಪು ಬರುವುದಕ್ಕೆ ಆರು ದಿನ ಮೊದಲು ಅವನು ಇದ್ದಕ್ಕಿದ್ದಂತೆ ಕೇಳಿದ್ದ.

"ಒಂದಿನ ನಿಮ್ಮ ಮನೆಗೆ ಬರ್ಲಾ? ವಿಳಾಸ ಲೈಸೆನ್ಸಿನಲ್ಲಿ ಇರೋದೇ ತಾನೆ? ಓವರ್."

ನಾಚಿಕೆಯಿಂದ ನಗುತ್ತಾ ಅವಳು ಗೋಡೆಯ ಮೇಲಿದ್ದ ಲೈಸೆನ್ಸಿನ ಕಡೆ ನೋಡಿದಳು. ವಿಳಾಸದ ಕೆಳಗೇ ತಾರೀಖು. ಇಪ್ಪತ್ತು ವರ್ಷದ ಅವಧಿ... ಮುಗಿದು ನಾಲ್ಕು ತಿಂಗಳಾಗಿದೆ!

ಬೆರಳು ಬೆಂಕಿ ಮುಟ್ಟಿದಂತೆ ಮೈಕಿನ ಗುಂಡಿಯಿಂದ ಹಿಂದೆ ಸರಿಯಿತು. ಅವಧಿ ಮುಗಿದ ಮೇಲೆ ಮಾತಾಡುವುದು ಅಪರಾಧ. ಅವಳು ನಾಲ್ಕು ತಿಂಗಳು ದಿನವೂ ಮಾತಾಡಿದ್ದಾಳೆ! ದಿನವೂ ಅವಳ ಹಾಜರಿ ಬರೆದುಕೊಂಡವನು ಗಿರೀಶ್. ಗೊತ್ತಿದ್ದೂ ಮುಚ್ಚಿಟ್ಟರೆ ಅವನ ಲೈಸೆನ್ಸಿಗೂ ಕುತ್ತು. ಅವನಿಗೆ ಹೇಳುವುದೂ ತಪ್ಪು, ಹೇಳದಿರುವುದೂ ತಪ್ಪು...

"ಕೇಳಿಸ್ತಾ ಇದೆಯಾ? ಓವರ್..."

ಅವಳ ಮೌನವನ್ನು ಇಪ್ಪತ್ತು ಮಂದಿ ಕೇಳಿಸಿಕೊಂಡರು.

ಅಂದಿನಿಂದ ಬೀದಿಯಲ್ಲಿ ಯಾವ ಗಾಡಿ ನಿಂತರೂ ಅವಳಿಗೆ ಕೇಸು ಹಾಕುವ ಸಾಹೇಬರೇ ಬಂದಂತೆ. ಈಗ ಮನೆ ಬಾಗಿಲಿಗೆ ಬಂದವನನ್ನೇ ಓಡಿಸಿದ್ದಾಯಿತು.

ಆದರೂ ಮರುದಿನ ಏಳಕ್ಕೆ ಅವನು ಅವಳ ಕರೆ ಹೆಸರು ಕೂಗಿದ. ಒಂದು ಸಲ. ಎರಡು ಸಲ. ಮೂರು ಸಲ. ಸ್ವಲ್ಪ ಕಾದು ಮುಂದಿನ ಹೆಸರಿಗೆ ಹೋದ.

ಮರುದಿನವೂ ಹಾಗೇ. ಅದರ ಮರುದಿನವೂ.

'ಬಾಗಿಲು ಕೂಡ ತೆಗೀಲಿಲ್ಲ, ಈಗಲೂ ಮಾತಾಡಲ್ವಾ?' ಎಂದು ಅವನು ದಿನವೂ ಬೈಯುತ್ತಿರುವಂತೆ ಅವಳಿಗೆ ಕೇಳಿಸುತ್ತಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ಕೇಳುತ್ತಿದ್ದಳು. ನವೀಕರಣದ ಅರ್ಜಿ ಹಾಕಲು ಗುಂಡ್ಲುಪೇಟೆಯ ಆನ್‌ಲೈನ್ ಕೇಂದ್ರಕ್ಕೆ ಎರಡು ಸಲ ಹೋದಳು. ಎರಡು ಸಲವೂ ಮೆಟ್ಟಿಲಿನಿಂದಲೇ ವಾಪಸು. ಅರ್ಜಿ ಹಾಕಿದರೆ ಆ ನಾಲ್ಕು ತಿಂಗಳ ಕಥೆ ಕೇಳುವುದಿಲ್ಲವೇ? ಗಿರೀಶನ ಹೆಸರೂ ಹೊರಗೆ ಬಂದರೆ?

ಇಪ್ಪತ್ತೊಂದನೇ ದಿನ ಏಳಕ್ಕೆ ಬೇರೆ ದನಿ ಬಂತು. ಉಡಿಗಾಲದ ಹಿರಿಯ ಪುಟ್ಟಮಲ್ಲಪ್ಪನವರದು.

"ಗಿರೀಶ್ ಇನ್ನು ಸ್ವಲ್ಪ ದಿನ ಬರಲ್ವಂತೆ. ಹಾಜರಿ ನಾನೇ ಕೂಗ್ತೀನಿ."

ಆ ಹಾಜರಿಯಲ್ಲಿ ಅವಳ ಹೆಸರಿರಲಿಲ್ಲ.

ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಯಿತು. ಒಂದೇ ಒಂದು ಸಲ ಒತ್ತಿದರೆ... 'ಗಿರೀಶ್, ನಾನಿದ್ದೀನಿ' ಅಂದರೆ...

ಒತ್ತಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಯಾಕಮ್ಮಿ? ಏನಾಯ್ತು?" ಮಂಚಮ್ಮ ಓಡಿ ಬಂದಳು.

"ಅವತ್ತು ಬಂದೋರು ಸಾಹೇಬ್ರಲ್ಲ ಅವ್ವ... ಗಿರೀಶ್! ನಂಗೆ ಬೇಕಾದೋರು. ಅವರನ್ನ ಬಾಗಿಲಿಂದಾನೇ ಓಡಿಸ್ಬಿಟ್ಟೆ..."

ಮಂಚಮ್ಮ ತಟ್ಟನೆ ಒಳಗೆ ಹೋದಳು. ತಿರುಗಿ ಬಂದಾಗ ಮೊಣಕೈವರೆಗೆ ರಾಗಿ ಧೂಳು. ಕೈಯಲ್ಲಿ ನೀಲಿ ಫೈಲು.

"ನೋಟೀಸು ಅನ್ಕಂಡು ಬಚ್ಚಿಟ್ಬುಟ್ಟೆ ಕಣಮ್ಮಿ. ನಂಗೇನ್ ಗೊತ್ತು, ನೋಟೀಸ್ ಕೊಡೋ ಮುಖ ಯಾವ್ದು, ನೆಂಟಸ್ತನಕ್ಕೆ ಬರೋ ಮುಖ ಯಾವ್ದು ಅಂತ!"

ಫೈಲಿನೊಳಗೆ ಲೈಸೆನ್ಸ್ ನವೀಕರಣದ ಅರ್ಜಿ ಇತ್ತು. ಅವನಿಗೆ ಗೊತ್ತಿದ್ದಷ್ಟನ್ನು ಅವನೇ ತುಂಬಿದ್ದ. ಮೇಲೊಂದು ಚೀಟಿ.

'ಲೈಸೆನ್ಸ್ ಅಂದ ತಕ್ಷಣ ನೀವು ಸುಮ್ಮನಾದಿರಿ. ಆಮೇಲೆ ಹೊಳೆಯಿತು. ನಾವಿಬ್ಬರೂ ಒಂದೇ ಸಲ ಪರೀಕ್ಷೆ ಬರೆದವರು. ನನ್ನದನ್ನು ನಾನು ನವೀಕರಿಸಿಕೊಂಡೆ, ನಿಮಗೆ ನೆನಪಿಸಲಿಲ್ಲ. ತಪ್ಪು ನನ್ನದೂ ಇದೆ. ಗೊತ್ತಿಲ್ಲದೆ ಮಾತಾಡಿದ್ದನ್ನು ಇದ್ದಂತೆ ಬರೆದುಕೊಡಿ. ಹಾಜರಿ ಬರೆದವನು ನಾನೆಂದು ನಾನೂ ಬರೆದು ಇಟ್ಟಿದ್ದೇನೆ. ದಿನಾ ಏಳಕ್ಕೆ ಕರೆಯುತ್ತೇನೆ. ಉತ್ತರ ಕೊಡಬೇಡಿ. ನೀವು ಕೇಳುತ್ತಿದ್ದರೆ ಸಾಕು. ಅರ್ಜಿ ಹಾಕಿದ ದಿನ ಈ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಿ. ಇಪ್ಪತ್ತು ದಿನ ಕಾಯುತ್ತೇನೆ. ಆಮೇಲೆ ನನ್ನ ಕರೆ ನಿಮಗೆ ಹಿಂಸೆ ಎಂದುಕೊಂಡು ನಿಲ್ಲಿಸುತ್ತೇನೆ.'

ಬೈಗುಳವಲ್ಲ... ಇಪ್ಪತ್ತು ದಿನ ಅವನು ಅವಳ ಜೊತೆಗಿದ್ದ!

ಅವತ್ತು ಅವಳು ಲ್ಯಾಬಿಗೆ ರಜೆ ಹಾಕಿದಳು. ಈ ಸಲ ಕೇಂದ್ರದ ಮೆಟ್ಟಿಲನ್ನು ಕೊನೆಯವರೆಗೂ ಹತ್ತಿದಳು. ನಾಲ್ಕು ತಿಂಗಳ ವಿಷಯವನ್ನು ಒಂದೇ ಹಾಳೆಯಲ್ಲಿ ಬರೆದು ಅರ್ಜಿಯ ಜೊತೆ ಸೇರಿಸಿದಳು. ಇಷ್ಟು ದಿನ ನಿದ್ದೆ ಕೆಡಿಸಿದ್ದು ಇಷ್ಟೇ, ಒಂಬತ್ತು ಸಾಲು.

ಹೊರಗೆ ಬಂದು ಆ ನಂಬರ್ ಒತ್ತಿದಳು. ಒಂದು ರಿಂಗ್ ಆಗಿತ್ತಷ್ಟೇ.

"ಹಲೋ!"

"ಅಯ್ಯೋ... ಮಿಸ್ಡ್ ಕಾಲ್ ಕೊಡೋಣ ಅಂತಿದ್ದೆ. ಎತ್ತಿಬಿಟ್ರಲ್ಲ!"

"ನಿನ್ನೆಗೇ ಇಪ್ಪತ್ತು ದಿನ ಮುಗೀತು. ಕೈ ತಡೀಲಿಲ್ಲ. ಫೈಲು ನೋಡಿದ್ರಾ?"

"ಇವತ್ತು ಸಿಕ್ತು. ರಾಗಿ ಡ್ರಮ್ಮಲ್ಲಿತ್ತು."

ಆ ಕಡೆಯಿಂದ ಜೋರು ನಗು.

"ನಾನು ಹೆದರಿಬಿಟ್ಟಿದ್ದೆ ಸುಧಾಮಣಿ. ಸೀರೆ ಹಾಕಿಸಿ ತಂತಿ ಮರೆಮಾಡಿಸಿದ್ದು ನೀವೇ, ನಿಮಗೆ ನಾನು ಬೇಡ ಅಂತ ಅನ್ಕೊಂಡೆ. ಈಗ್ಲಾದ್ರೂ ಹೇಳಿ, ಅವತ್ತು ನಾನು ಕೇಳಿದ್ದಕ್ಕೆ..."

"ಇಲ್ಲಿ ಬೇಡ. ಎಲ್ಲರ ಮುಂದೆ ಕೇಳಿದ್ರಿ, ಎಲ್ಲರ ಮುಂದೇನೇ ಉತ್ತರ ಕೊಡ್ತೀನಿ."

ಕೆಲವು ದಿನಕ್ಕೆ ಠಾಣೆಯಿಂದ ಚಂದ್ರಕುಮಾರ್ ಎಂಬ ಪೊಲೀಸಿನವರು ಲೈಸೆನ್ಸಿನ ಅರ್ಜಿಯ ವಿಚಾರಣೆಗೆ ಬಂದರು. ಮಂಚಮ್ಮನೇ ಮುಂದೆ ಬಂದು ಮರದ ಕಡೆ ಕೈ ತೋರಿಸಿದಳು.

"ಬಟ್ಟೆ ತಂತಿ ಅಲ್ಲ ಸ್ವಾಮಿ ಅದು. ನಮ್ ಮಗ್ಳು ಮಾತಾಡೋ ತಂತಿ. ಚೆನ್ನಾಗಿ ನೋಡ್ಕಂಡು ಬರ್ಕಳಿ!"

ಎರಡೂವರೆ ತಿಂಗಳು ದಿನವೂ ಏಳಕ್ಕೆ ಅವನು ಮೂರು ಸಲ ಕರೆದ. ಅವಳು ಕೇಳಿದಳು. ಬೈಗುಳವೆನಿಸುತ್ತಿದ್ದ ಅದೇ ಕರೆ ಈಗ ಕೆನ್ನೆ ಸವರಿದಂತಿತ್ತು.

ಹೊಸ ಲೈಸೆನ್ಸ್ ಬಂದ ಮರುದಿನ ಅವಳು ಸೆಟ್ಟಿನ ಮುಂದೆ ಕೂತಳು. ಈಗ ಎಲ್ಲ ಸರಿಯಿದೆ. ಆದರೂ ಇಷ್ಟು ಭಯ ಹಿಂದೆಂದೂ ಆಗಿರಲಿಲ್ಲ!

ಅವನು ಕರೆದ. ಒಂದು ಸಲ. ಎರಡು ಸಲ. ಮೂರು ಸಲ...

ಅವಳು ಗುಂಡಿ ಒತ್ತಿ ತನ್ನ ಕರೆ ಹೆಸರು ಹೇಳಿದಳು.

"ವಿಳಾಸ... ಲೈಸೆನ್ಸಿನಲ್ಲಿ ಇರೋದೇ. ಹೊಸದರಲ್ಲೂ ಅದೇ ಇದೆ. ಮನೆಗೆ ಬನ್ನಿ. ಓವರ್."

ಗಾಳಿಯಲ್ಲಿ ಸರಸರ ಸದ್ದು ಮಾತ್ರ.

"ದನಿ ಸ್ಪಷ್ಟವಾಗಿದೆ," ಎಂದ ಗಿರೀಶ್. "ಸ್ವಲ್ಪ ನಡುಗ್ತಿದೆ. ಓವರ್."

"ಭಯ. ಓವರ್."

"ನಂಗೂ... ಲೈಸೆನ್ಸಿನಲ್ಲಿ ವಿಳಾಸ ಬದಲಾಯಿಸೋದಕ್ಕೂ ಅರ್ಜಿ ಕೊಡ್ಬೇಕು... ಚಾಮರಾಜನಗರಕ್ಕೆ, ನಮ್ಮನೆ ವಿಳಾಸಕ್ಕೆ. ತುಂಬಿಸ್ಕೊಂಡು ತರ್ಲಾ? ಓವರ್."

"ಲೇ ಗಿರೀಶ, ಆಯಮ್ಮನ್ನ ಬೇಗ ಮಾತಾಡೋಕೆ ಬುಡ್ಲಾ!" ಪುಟ್ಟಮಲ್ಲಪ್ಪನವರು ತಡೆಯಲಾರದೆ ನಡುವೆ ನುಗ್ಗಿದರು. "ಇಲ್ಲಿ ನನ್ ಕಾಫಿ ಆರ್ತಾ ಅದೆ!"

ಸುಧಾಮಣಿ ಕಣ್ಣೊರೆಸಿಕೊಂಡು ಮತ್ತೆ ಗುಂಡಿ ಒತ್ತಿದಳು.

"ತನ್ನಿ... ಆದರೆ ಈ ಸಲ ಫೈಲು ನನ್ನ ಕೈಗೇ ಕೊಡಿ. ಓವರ್."