ಏಳನೇ ನಂಬರಿನ ಉಸಿರು

"ಏಳನೇ ನಂಬರನ್ನ ಬಿಟ್ಟುಬಿಡಿ," ಎಂದ ಅವನು, ಬಾಗಿಲಾಚೆಯೇ ನಿಂತು.

"ಬಿಡಲ್ಲ," ಎಂದಳು ಅವಳು, ಕಂಪ್ಯೂಟರಿನಿಂದ ಕಣ್ಣು ಕೀಳದೆ.

"ಉಳಿದ ಹನ್ನೊಂದು ಜನರದ್ದು ಸರಿಯಾಗಿ ಕೂತಿದೆ ತಾನೆ? ಒಬ್ಬರಿಗೋಸ್ಕರ ಇಷ್ಟು ತಲೆ ಕೆಡಿಸ್ಕೋಬೇಕಾ?"

"ಕೂರದೇ ಇರೋದನ್ನೆಲ್ಲ ಬಿಸಾಕೋದಾದ್ರೆ ನಾನು ಲೆಕ್ಕ ಯಾಕೆ ಮಾಡ್ಲಿ? ಅಲ್ಲ ಮೇಷ್ಟ್ರೇ, ಅಲ್ಲಿಂದಲೇ ಯಾಕೆ ಕೂಗ್ತೀರಾ? ಒಳಗೆ ಬಂದು ಮಾತಾಡಿದ್ರೆ ನಾನೇನು ಕಚ್ಚಲ್ಲ."

ಅವನು ಒಳಗೆ ಬರಲಿಲ್ಲ. ಆರೇಳು ತಿಂಗಳಿಂದ ಅವನದು ಇದೇ ವರಸೆ. ಅವಳಿಂದ ಎರಡು ಮಾರು ದೂರ ನಿಂತು, ಗೋಡೆಯ ಗಡಿಯಾರದ ಜೊತೆ ಮಾತಾಡುತ್ತಿದ್ದಾನೋ ಎಂಬಂತೆ ಮಾತಾಡಿ ಹೊರಟುಬಿಡುತ್ತಿದ್ದ. ಮೊದಲೆಲ್ಲ ಹೀಗಿರಲಿಲ್ಲ. ಆಗ ಪಕ್ಕದ ಕುರ್ಚಿಯನ್ನೇ ಎಳೆದುಕೊಂಡು ಕೂತು, ಅವಳ ಸಮೀಕರಣಗಳನ್ನು ನೋಡಿ, "ಇದರಲ್ಲಿ ಉಸಿರು ಎಲ್ಲಿದೆ ತೋರಿಸಿ," ಎಂದು ರೇಗಿಸುತ್ತಿದ್ದವನು ಇವನೇನಾ ಎನಿಸುತ್ತಿತ್ತು. ಜಂಭ ಬಂದಿದೆ ಎಂದುಕೊಂಡಳು.

ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಅವನು 'ಉಸಿರು ಮೇಷ್ಟ್ರು'. ನಿಂತಲ್ಲೇ ನಡೆಸುವ ಯಂತ್ರದ ಮೇಲೆ ಜನರನ್ನು ಹತ್ತಿಸಿ, ಮುಖಕ್ಕೆ ಮಾಸ್ಕ್ ಕಟ್ಟಿ, ಅವರ ಉಸಿರಾಟವನ್ನು ದಾಖಲಿಸುವ ತಂತ್ರಜ್ಞ. ಅವಳದು ಆ ದಾಖಲೆ ಬಂದ ಮೇಲಿನ ಕೆಲಸ. ಹೆಜ್ಜೆ ಬಿದ್ದ ಹೊತ್ತು, ಪಾದದ ಭಾರ ಮಾತ್ರ ಯಂತ್ರದಿಂದ ನೇರವಾಗಿ ಅವಳ ಕಂಪ್ಯೂಟರಿಗೇ ಬರುತ್ತಿದ್ದವು. ಮೆದುಳಿನ ಬುಡದಲ್ಲಿ ಒಂದು ಪುಟ್ಟ ಗುಂಪು ನರಕೋಶಗಳಿವೆ. ನಾವು ನಿದ್ದೆ ಮಾಡುತ್ತಿರಲಿ, ಜಗಳವಾಡುತ್ತಿರಲಿ, ಉಸಿರಿನ ತಾಳ ಹಾಕುವುದು ಅವೇ. ಹೆಜ್ಜೆಯ ತಾಳಕ್ಕೆ ಬೆನ್ನುಹುರಿಯಲ್ಲಿ ಇನ್ನೊಂದು ಗುಂಪು. ನಡೆಯುವಾಗ ಈ ಎರಡು ಗುಂಪುಗಳು ಹೇಗೆ ಮಾತಾಡಿಕೊಳ್ಳುತ್ತವೆ ಎಂಬುದನ್ನು ಅವಳು ಕಂಪ್ಯೂಟರಿನೊಳಗೆ ಒಂದು ಮಾದರಿ ಕಟ್ಟಿ ನಡೆಸಿ ನೋಡುತ್ತಿದ್ದಳು. ಹನ್ನೆರಡು ಜನ ನಡೆದಿದ್ದರು. ಯಾರ ನಂಬರ್ ಯಾವುದು ಎಂಬುದು ಅವನಿಗೆ ಮಾತ್ರ ಗೊತ್ತು, ಅವಳಿಗೆ ಹೇಳುವಂತಿಲ್ಲ. ಅದು ಅಲ್ಲಿನ ನಿಯಮ. ಹೆಸರು ತಿಳಿದರೆ ಲೆಕ್ಕಕ್ಕೆ ಮನಸ್ಸು ಅಂಟಿಕೊಳ್ಳುತ್ತದೆಯಂತೆ.

ಒಬ್ಬರು ಕಡಿಮೆ ಬಿದ್ದ ದಿನ ಅವಳೂ ಆ ಯಂತ್ರ ಹತ್ತಿದ್ದಳು. ನಾಲ್ಕನೇ ನಂಬರಿನ ಉಸಿರು ಗಡಿಯಾರದಷ್ಟು ಅಚ್ಚುಕಟ್ಟಾಗಿದ್ದರಿಂದ ಅದು ತನ್ನದೇ ಇರಬೇಕೆಂದು ಒಳಗೊಳಗೇ ಬೀಗಿದ್ದಳು.

ಏಳನೇ ನಂಬರ್ ಮಾತ್ರ ಶುದ್ಧ ತರಲೆ. ಚೆನ್ನಾಗಿ ಉಸಿರಾಡುತ್ತಾ, ಚೆನ್ನಾಗಿ ನಡೆಯುತ್ತಾ ಇದ್ದಕ್ಕಿದ್ದಂತೆ ಉಸಿರು ನಿಂತೇಬಿಡುತ್ತಿತ್ತು. ಮೂರು ಸೆಕೆಂಡು, ನಾಲ್ಕು ಸೆಕೆಂಡು. ಇಪ್ಪತ್ತು ನಿಮಿಷದ ನಡಿಗೆಯಲ್ಲಿ ಹೀಗೆ ಒಂಬತ್ತು ಸಲ. ಅವಳ ಮಾದರಿ ಏನು ಮಾಡಿದರೂ ಹಾಗೆ ನಿಲ್ಲುತ್ತಿರಲಿಲ್ಲ.

"ಶುಕ್ರವಾರದ ತನಕ ನೋಡು," ಎಂದಿದ್ದರು ವಿಭಾಗ ನಡೆಸುವ ದೊಡ್ಡ ಮೇಡಂ. "ಆಗ್ಲಿಲ್ಲ ಅಂದ್ರೆ ಏಳನ್ನ ಕೈಬಿಟ್ಟು ಪೇಪರ್ ಬರಿ. ಅಂದಹಾಗೆ, ನಮ್ಮ ಉಸಿರು ಮೇಷ್ಟ್ರಿಗೂ ಶುಕ್ರವಾರವೇ ಕಡೇ ದಿನ. ಬೇರೆ ಊರಿನ ಆಸ್ಪತ್ರೆಗೆ ಹೋಗ್ತಿದ್ದಾನೆ. ನಿನಗೆ ಹೇಳಿರ್ತಾನಲ್ಲ?"

ಅವನು ಹೇಳಿರಲಿಲ್ಲ.

ಅವಳು ನೇರವಾಗಿ ದಾಖಲೆ ಕೋಣೆಗೆ ಹೋದಳು. ಅವನು ಮಾಸ್ಕುಗಳನ್ನು ತೊಳೆದು ಸಾಲಾಗಿ ಒಣಹಾಕುತ್ತಿದ್ದ. ಅವಳನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ.

"ಹೋಗ್ತಿದ್ದೀರಂತೆ."

"ಹೂಂ."

"ಯಾಕೆ?"

"ಒಳ್ಳೆ ಕೆಲಸ," ಎಂದ. ಆಮೇಲೆ ಒಂದು ಮಾಸ್ಕನ್ನು ಎತ್ತಿ, ತೊಳೆದಿದ್ದನ್ನೇ ಮತ್ತೆ ತೊಳೆಯತೊಡಗಿದ. "ನಿಮಗೂ ಆರಾಮಾಗುತ್ತೆ."

"ನನಗೇನು ಆರಾಮು?"

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಅವನ ಕಿವಿಯ ತುದಿ ಕೆಂಪಾಗಿತ್ತು. ಅವಳಿಗೆ ಅಳು ಬರುವ ಮೊದಲು ಸಿಟ್ಟು ಬಂತು, ಅದೇ ಒಳ್ಳೆಯದಾಯಿತು. ಅತ್ತಿದ್ದರೆ ಮನೆಗೆ ಹೋಗಿ ಮಲಗುತ್ತಿದ್ದಳು. ಸಿಟ್ಟು ಬಂದಿದ್ದರಿಂದ, ಈ ಮನುಷ್ಯ ಯಾಕೆ ಹೋಗುತ್ತಾನೆ, ಆ ಏಳನೇ ನಂಬರ್ ಯಾಕೆ ನಿಲ್ಲುತ್ತದೆ, ಎರಡನ್ನೂ ಶುಕ್ರವಾರದೊಳಗೆ ತಿಳಿದೇ ತೀರುತ್ತೇನೆ ಎಂದು ಪಟ್ಟು ಹಿಡಿದಳು.

ಗುರುವಾರ ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಕ್ಕ ಬಾಗಿಲಲ್ಲಿ ತಡೆದಳು. ತಂಗಿಯ ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದಳು.

"ನೋಡೇ ಇಲ್ಲಿ, ಮತ್ತೆ ಎಡಗಾಲಿನ ಹಿಮ್ಮಡಿ ಸವೆಸಿಟ್ಟಿದ್ದೀಯ. ಬಲಗಾಲಿಂದು ಹೊಸದರ ಥರಾ ಇದೆ. ಒಂದೇ ಕಾಲಿನ ಚಪ್ಪಲಿ ಮಾರೋ ಅಂಗಡಿ ಎಲ್ಲಿದೆ ಹೇಳು, ತಂದು ಕೊಡ್ತೀನಿ."

"ಅಕ್ಕಾ, ತಡ ಆಯ್ತು."

"ಚಿಕ್ಕವಳಿದ್ದಾಗ ಗೋಡೆ ಹತ್ತಿ ಬಿದ್ದು ಕಾಲು ಮುರ್ಕೊಂಡೆ ನೋಡು, ಅವತ್ತಿಂದ ಎಡಗಾಲು ಎಳ್ಕೊಂಡೇ ನಡೀತೀಯ. ಕಣ್ಣು ಮುಚ್ಚಿಕೊಂಡಿದ್ರೂ ಬಂದವಳು ನೀನೇ ಅಂತ ಹೆಜ್ಜೆ ಕೇಳಿ ಹೇಳ್ತೀನಿ."

ಅವಳು ಗೇಟಿನ ತನಕ ಹೋಗಿ ಗಕ್ಕನೆ ನಿಂತಳು. ಏಳನೇ ನಂಬರಿನ ಎಡ ಹೆಜ್ಜೆ ಪ್ರತಿ ಸಲವೂ ಕೂದಲೆಳೆಯಷ್ಟು ತಡವಾಗಿ ನೆಲ ಮುಟ್ಟುತ್ತಿತ್ತು. ನಿಂತ ಉಸಿರನ್ನೇ ನೋಡಿಕೊಂಡು ಕೂತಿದ್ದ ಅವಳು ಅದನ್ನೊಂದು ಸಣ್ಣ ದೋಷವೆಂದು ಬದಿಗಿಟ್ಟಿದ್ದಳು.

ಲ್ಯಾಬಿಗೆ ಓಡಿದಳು. ಕಪಾಟಿನಲ್ಲಿ ಅವನ ಕೈಬರಹದ ಹಾಳೆಗಳಿದ್ದವು, ಹೆಸರಿಲ್ಲದೆ, ಬರೀ ನಂಬರಿನ ಮೇಲೆ. ಯಂತ್ರದ ಅಂಕಿಗಳಿರುವಾಗ ಈ ಗೀಚು ಯಾಕೆಂದು ಅವಳು ಇದುವರೆಗೂ ಅವನ್ನು ಮುಟ್ಟಿರಲಿಲ್ಲ. ಏಳನೇ ಹಾಳೆ ತೆಗೆದಳು. ಗುಂಡಗಿನ ಅಕ್ಷರದಲ್ಲಿ ಸಮಯ, ಅದರ ಮುಂದೆ ಒಂದು ಟಿಪ್ಪಣಿ. 'ಮಾಸ್ಕ್ ಪಟ್ಟಿ ಬಿಗಿ ಮಾಡಿದೆ.' 'ಕೂದಲು ಪಟ್ಟಿಗೆ ಸಿಕ್ಕಿತ್ತು, ಬಿಡಿಸಿದೆ.' 'ಪಟ್ಟಿ ಮತ್ತೆ ಜಾರಿತು.' ಒಟ್ಟು ಒಂಬತ್ತು. ಒಂಬತ್ತೂ ಉಸಿರು ನಿಂತ ಜಾಗಗಳೇ.

ಅವಳಿಗೆ ಆ ದಿನ ಪೂರ್ತಿ ನೆನಪಾಯಿತು. ಕಿವಿಯ ಹಿಂದೆ ಅವನ ಬೆರಳು. "ನೋವಾಯ್ತಾ?" ಎಂದ ದನಿ. ಮುಖ ಬಿಸಿಯಾಯಿತು. ಆರು ತಿಂಗಳು ಯಾವ ತರಲೆಯನ್ನು ಬೈದುಕೊಂಡು ತಿರುಗಿದ್ದಳೋ ಅದು ತಾನೇ!

ತಾಳ ಹಾಕುವ ಕೋಶಗಳಲ್ಲಿ ತಪ್ಪೇ ಇರಲಿಲ್ಲ. ಮೇಲಿನ ಮೆದುಳು "ತಡಿ, ಅಲುಗಾಡಬೇಡ," ಎಂದು ಅವಕ್ಕೆ ಆಜ್ಞೆ ಕೊಟ್ಟಿತ್ತು. ಮಾದರಿಗೆ ಆ ಒಂದು ಆಜ್ಞೆಯನ್ನು ಒಂಬತ್ತು ಕಡೆ ಸೇರಿಸಿದಳು. ಸಂಜೆಯ ಹೊತ್ತಿಗೆ ತೆರೆಯ ಮೇಲೆ ಎರಡು ಗೆರೆಗಳು ಒಂದರ ಮೇಲೊಂದು ಬಂದು ಕೂತವು. ಅವಳು ಎದ್ದು ನಿಂತು ನಕ್ಕಳು. ಮತ್ತೆ ಕೂತಳು. ಅವನು ಯಾಕೆ ಹೋಗುತ್ತಿದ್ದಾನೆಂಬುದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಶುಕ್ರವಾರ ಮೊದಲು ದೊಡ್ಡ ಮೇಡಂ ಹತ್ತಿರ ಹೋಗಿ, ಏಳನೇ ನಂಬರ್ ತಾನೇ ಎಂದು ಒಪ್ಪಿಕೊಂಡಳು. ಅವರು ಚಿತ್ರ ನೋಡಿದರು, ಒಂಬತ್ತು ಟಿಪ್ಪಣಿ ನೋಡಿದರು, ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು.

"ಇದ್ದದ್ದನ್ನ ಇದ್ದ ಹಾಗೆ ಪೇಪರಲ್ಲಿ ಬರಿ. ಹೆಸರು ಬೇಡ," ಎಂದರು. "ಇನ್ನೂ ಇಲ್ಲೇ ನಿಂತಿದ್ದೀಯಲ್ಲ? ಅವನು ಮಧ್ಯಾಹ್ನ ಹೊರಡ್ತಾನೆ."

ಅವನು ವೈರುಗಳನ್ನು ಸುತ್ತಿಡುತ್ತಿದ್ದ. ಅವಳು ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಏಳನೇ ನಂಬರ್ ನಾನು."

"ನಾನು ಹೇಳೋ ಹಾಗಿಲ್ಲ," ಎಂದ ಅವನು ಅಭ್ಯಾಸಬಲದಿಂದ.

"ನೀವು ಹೇಳ್ಬೇಡಿ, ನಾನೇ ಹೇಳ್ತಿದ್ದೀನಿ. ನಿಮಗೆ ಅವತ್ತೇ ಕಂಡಿತ್ತು ಅಲ್ವಾ, ಉಸಿರು ನಿಲ್ಲೋದು?"

ಅವನು ವೈರು ಕೆಳಗಿಟ್ಟ. "ಪರದೆ ನನ್ನ ಎದುರಿಗೇ ಇತ್ತು. ನಾನು ಹತ್ತಿರ ಬಂದ ತಕ್ಷಣ ಗೆರೆ ಚಪ್ಪಟೆ. ದೂರ ಹೋದ್ರೆ ಸರಿಯಾಗ್ತಿತ್ತು. ಒಂಬತ್ತು ಸಲ." ಮತ್ತೆ ವೈರು ಕೈಗೆತ್ತಿಕೊಂಡ. "ಅವತ್ತೇ ಹೋಗಿ ಸೋಪು ಬದಲಾಯಿಸ್ದೆ. ಈರುಳ್ಳಿ ಬಿಟ್ಟೆ. ಸೆಂಟ್ ಹಾಕ್ಕೊಂಡೆ, ಅದಕ್ಕೆ ನೀವು ಸೀನಿದ್ರಿ. ಆಮೇಲೆ, ಇವರಿಗೆ ನನ್ನ ಕಂಡ್ರೇ ಆಗಲ್ಲ, ದೂರ ಇರೋದೇ ಮರ್ಯಾದೆ ಅಂದ್ಕೊಂಡೆ. ದೂರ ಇರೋಕೂ ಆಗ್ಲಿಲ್ಲ. ಅದಕ್ಕೇ ಊರೇ ಬಿಡೋಣ ಅಂತ."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವನ ಮುಖ ಬಾಡಿದ್ದನ್ನು ನೋಡಿ ತಟ್ಟನೆ ನಿಲ್ಲಿಸಿದಳು.

"ನೀವು ಉಸಿರು ಮಾತ್ರ ನೋಡಿದ್ರಿ. ಕಾಲು ನೋಡ್ಲಿಲ್ಲ."

"ಕಾಲಿನ ಅಂಕಿ ನನ್ನ ಪರದೆಗೆ ಬರಲ್ವಲ್ಲ."

"ನನ್ನ ಹತ್ರ ಬರುತ್ತೆ," ಎಂದು ಹಾಳೆಯನ್ನು ಮೇಜಿನ ಮೇಲೆ ಹರಡಿದಳು. "ಇಲ್ಲಿ ಉಸಿರು ನಿಂತಿದೆ. ಅದರ ಕೆಳಗೆ ಪಾದದ ಭಾರ. ನೀವು ಯಾವ ಕಡೆ ನಿಂತಿದ್ರಿ?"

"ಬಲಗಡೆ."

"ವಾಸನೆಗೆ ಉಸಿರು ಹಿಡಿಯೋರು ಯಾವ ಕಡೆ ಸರೀತಾರೆ?"

"ಆಚೆ ಕಡೆ. ಎಡಕ್ಕೆ."

"ಓದಿ."

ಅವನು ಬಗ್ಗಿದ. ಬೆರಳಿಟ್ಟು ಒಂದೊಂದೇ ಜಾಗವನ್ನು ನೋಡುತ್ತಾ ಹೋದ. ಎರಡು ಕಾಲಿಗೂ ಹಂಚಿಹೋಗುತ್ತಿದ್ದ ಭಾರ ಉಸಿರು ನಿಂತಲ್ಲೆಲ್ಲ ಬಲಗಾಲಿನ ಮೇಲೆ ಹೋಗಿತ್ತು. ಮುಗಿಸಿ, ಮತ್ತೆ ಮೊದಲಿನಿಂದ ನೋಡಿದ. ಅವನ ಭುಜ ಅವಳ ಭುಜಕ್ಕೆ ತಾಗುವಷ್ಟು ಹತ್ತಿರವಿತ್ತು. ಅದು ಅವನಿಗೆ ಗೊತ್ತೇ ಇರಲಿಲ್ಲ.

"ಒಂಬತ್ತು ಸಲವೂ?" ಎಂದ ಕೊನೆಗೆ.

"ಒಂಬತ್ತು ಸಲವೂ ನಿಮ್ಮ ಕಡೆಗೇ ವಾಲಿದ್ದೀನಿ. ನನ್ನ ತಲೆಗೆ ಹೊಳೀಲಿಲ್ಲ, ಕಾಲಿಗೆ ಗೊತ್ತಿತ್ತು." ಅವಳು ಹಾಳೆಯಿಂದ ಕಣ್ಣೆತ್ತಿದಳು. "ನೀವಂದ್ರೆ ನನಗೆ ತುಂಬಾ ಇಷ್ಟ. ಹೋಗ್ಬೇಡಿ. ಹೋಗ್ಲೇಬೇಕು ಅಂದ್ರೆ ಹೋಗಿ, ಆದ್ರೆ ನಾನು ನಿಮ್ಮನ್ನ ದ್ವೇಷಿಸ್ತೀನಿ ಅನ್ನೋ ಸುಳ್ಳನ್ನ ಕಟ್ಕೊಂಡು ಹೋಗೋಕೆ ಬಿಡಲ್ಲ."

ಅವನು ಅವಳನ್ನೇ ನೋಡಿದ. ಆರು ತಿಂಗಳು ಗಡಿಯಾರವನ್ನು ನೋಡಿದ್ದರ ಲೆಕ್ಕವನ್ನೆಲ್ಲ ಒಮ್ಮೆಗೇ ತೀರಿಸುವವನಂತೆ ನೋಡಿದ. ಅವಳ ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಮೆಲ್ಲನೆ ಹಿಂದಕ್ಕೆ ಸರಿಸಿದ. "ಒಂದು ನಿಮಿಷ ಇಲ್ಲೇ ಇರಿ," ಎಂದವನೇ ಮೆಟ್ಟಿಲ ಕಡೆ ಓಡಿದ.

ಅವಳು ಕಾದಳು. ಹತ್ತು ನಿಮಿಷವಾಯಿತು. ಹೋದವನು ಏದುಸಿರು ಬಿಡುತ್ತಾ ಬಂದ. ಬಂದು ಈ ಸಲ ಅವಳ ಪಕ್ಕದಲ್ಲೇ ನಿಂತ.

"ಆಸ್ಪತ್ರೆಯವರಿಗೆ ಫೋನ್ ಮಾಡಿ ಕ್ಷಮೆ ಕೇಳ್ದೆ. ಮೇಡಂ ಹತ್ರ ರಾಜೀನಾಮೆ ವಾಪಸ್ ಕೇಳ್ದೆ. ಸುಮ್ಮನೆ ಕೊಡೋಕೆ ಆಗಲ್ಲ, ಕಾರಣ ಬರೆದು ಸಹಿ ಹಾಕು ಅಂದ್ರು."

"ಏನಂತ ಬರೆದ್ರಿ?"

"ಜಾಗ ಸ್ವಲ್ಪವೇ ಇತ್ತು," ಎಂದ ಅವನು. "ನಿಮ್ಮ ಹೆಸರು ಬರೆದೆ."